ಹಾಲಿನೊಳಗಿನ ಅರಿಶಿಣ

ನನ್ನ ಬಲಗೈಯ ತೋರುಬೆರಳಿಗೆ ಉಗುರಿಲ್ಲ. ಉಗುರು ಇರಬೇಕಾದ ಗೆಣ್ಣೇ ಇಲ್ಲ. ಮನೆಯ ಮಕ್ಕಳು ಕೇಳಿದಾಗಲೆಲ್ಲ ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೇನೆ. ಒಬ್ಬನಿಗೆ ಇಲಿ ಕಡಿಯಿತು ಅಂದೆ. ಇನ್ನೊಬ್ಬಳಿಗೆ, ರೊಟ್ಟಿಯ ಜೊತೆ ಬೆಂದುಹೋಯಿತು, ನಿಮ್ಮ ಅಜ್ಜ ನೋಡದೆ ತಿಂದುಬಿಟ್ಟರು ಅಂದೆ. ಆ ಹುಡುಗಿ ಆಮೇಲೆ ಎಷ್ಟೋ ದಿನ ರೊಟ್ಟಿ ಮುರಿದು ನೋಡಿಯೇ ತಿನ್ನುತ್ತಿದ್ದಳು. ದೊಡ್ಡವರು ಕೇಳಿದರೆ ಮಾತ್ರ "ಉಗುರುಸುತ್ತು ಆಗಿತ್ರಿ" ಎಂದು ಮಾತು ಮುಗಿಸುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಆ ಉಗುರುಸುತ್ತು ತಾನಾಗಿ ಬರಲಿಲ್ಲ. ಮದುವೆಯ ಮಣೆಯ ಮೇಲೆ ಕೂಡ್ರಿಸಿ, ಸೋಬಾನ ಹಾಡಿ, ಎಲ್ಲರೂ ಕೂಡಿ ನನಗೆ ಅದನ್ನು ಕೊಟ್ಟರು. ಕೊಟ್ಟವರಲ್ಲಿ ಈಗ ಯಾರೂ ಉಳಿದಿಲ್ಲ. ಹೇಳಲಿಕ್ಕೆ ನನಗೂ ಇನ್ನು ಯಾರ ಅಂಜಿಕೆಯೂ ಇಲ್ಲ.

ನನ್ನ ತವರು ತಾವರಗೇರಾ. ಅಪ್ಪನಿಗೆ ಒಂದಿಷ್ಟು ಹೊಲ, ಸಂತೆಯಲ್ಲಿ ಕಾಳುಕಡಿಯ ವ್ಯಾಪಾರ. ಅಪ್ಪ ಮಾತಿಗೆ ಬಡವ, ಹೀಗಾಗಿ ಮನೆ ನಡೆಸುತ್ತಿದ್ದವಳು ಅವ್ವ. ಅವ್ವನ ಮಡಿ ಎಂದರೆ ಓಣಿಗೇ ಗೊತ್ತಿದ್ದ ಮಡಿ. ಉಗುರಿನ ವಿಷಯಕ್ಕಂತೂ ಅವಳದು ದೊಡ್ಡ ಕಾಯ್ದೆ. ಮಂಗಳವಾರ, ಶುಕ್ರವಾರ ಉಗುರು ತೆಗೆಯುವಂತಿಲ್ಲ. ದೀಪ ಹಚ್ಚಿದ ಮೇಲೆ ಮುಟ್ಟುವಂತಿಲ್ಲ. ತೆಗೆದ ಉಗುರು ಅಂಗಳದಲ್ಲಿ ಬಿದ್ದರೆ ಮನೆಯಲ್ಲಿ ಜಗಳ, ದನದ ಕೊಟ್ಟಿಗೆಯಲ್ಲಿ ಬಿದ್ದರೆ ಎಮ್ಮೆ ಬತ್ತುತ್ತದೆ. ಒಂದೊಂದು ಚೂರನ್ನೂ ಎಲೆಯಲ್ಲಿ ಕಟ್ಟಿ ತಿಪ್ಪೆಯಾಚೆ ಹೂಳಿ ಬರಬೇಕು. ಕ್ಷೌರದ ಅಜ್ಜ ಬಂದು ಹೋದ ಮೇಲೆ ಅವನು ಕೂತ ಕಟ್ಟೆಗೆ ಸಗಣಿ ಸಾರಿಸಬೇಕು, ತಲೆಯ ಮೇಲೆ ನೀರು ಸುರಿದುಕೊಂಡೇ ಒಳಗೆ ಬರಬೇಕು.

ಇಷ್ಟೆಲ್ಲ ತೊಳೆಯುತ್ತಿದ್ದ ನಾವು ತೊಳೆಯದೇ ಬಿಟ್ಟದ್ದು ಒಂದೇ, ಅಜ್ಜನ ಉಗುರು ತೆಗೆಯುವ ಉಳಿ. ಕಿರುಬೆರಳಿನಷ್ಟು ಉದ್ದದ, ತುದಿ ಚಪ್ಪಟೆಯಾದ ಕಬ್ಬಿಣ ಅದು. ತನ್ನ ಚರ್ಮದ ಚೀಲದಿಂದ ತೆಗೆದು, ಅಂಗೈಗೆ ಎರಡು ಸಲ ತೀಡಿ, ಧೋತರದ ಚುಂಗಿಗೆ ಒರೆಸಿದರೆ ಮುಗಿಯಿತು. ಊರಿನ ಎಷ್ಟು ಕೈಕಾಲು ಸುತ್ತಿ ಅದು ನಮ್ಮ ಕಟ್ಟೆಗೆ ಬರುತ್ತಿತ್ತೋ ಯಾರಿಗೆ ಗೊತ್ತು. ನಾನು ಒಮ್ಮೆ ಕೇಳಿದ್ದಕ್ಕೆ ಅವ್ವ, "ಕಬ್ಬಿಣಕ್ಕ ಎಲ್ಲೀ ಮೈಲಿಗಿನ? ಬಾಣಂತಿ ದಿಂಬಿನ ಕೆಳಗ ಕುಡಗೋಲು ಇಡೂದಿಲ್ಲೇನು?" ಎಂದಿದ್ದಳು. ದೆವ್ವವನ್ನೇ ಓಡಿಸುವ ಕಬ್ಬಿಣಕ್ಕೆ ಹೊಲಸು ಹತ್ತೀತೆಂದು ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ನನಗೆ ಹದಿನೈದು ತುಂಬಿದ ವರ್ಷ ನವಲಿಯ ಸಂಬಂಧ ಬಂತು. ನಿಜಾಮನ ಆಳಿಕೆಯ ಕಾಲ. ಬೀಗರದು ನಮಗಿಂತ ಒಂದು ಕೈ ಮೇಲಿನ ಮನೆ. ಮಾವನಾಗುವವರು ದೊಡ್ಡ ಸಿಟ್ಟಿನ ಮನುಷ್ಯ. ಮದುವೆಯ ಹಿಂದಿನ ದಿನ ಬಿಡದಿ ಮನೆಯಲ್ಲಿ ನೀರು ಸಾಲಲಿಲ್ಲ ಎಂಬ ಇಷ್ಟೇ ಮಾತಿಗೆ "ಹೂಡ್ರಿ ಗಾಡಿ" ಎಂದುಬಿಟ್ಟಿದ್ದರು. ಎತ್ತುಗಳನ್ನು ಗಾಡಿಗೆ ಕಟ್ಟಿಯೂ ಆಗಿತ್ತು. ಅಪ್ಪ ಕೈಮುಗಿದು ನಿಂತ, ಅವ್ವ ಸೆರಗೊಡ್ಡಿ ಬೇಡಿಕೊಂಡಳು. ಅವರೇನೋ ಇಳಿದು ಬಂದರು, ಆದರೆ ಅವ್ವನ ಎದೆಬಡಿತ ಮರುದಿನವೂ ಇಳಿದಿರಲಿಲ್ಲ. ಮದುವೆ ಮುರಿದ ಹುಡುಗಿಯನ್ನು ಆ ಕಾಲದಲ್ಲಿ ಯಾರು ಕೇಳುತ್ತಿದ್ದರು?

ನಮ್ಮಲ್ಲಿ ಮದುಮಕ್ಕಳಿಗೆ ಸುರಗಿ ನೀರು ಹಾಕಿ ಮೀಯಿಸುವ ಮೊದಲು ಉಗುರು ತೆಗೆಸುವ ಶಾಸ್ತ್ರ. ಮಣೆ ಹಾಕಿ, ಬಟ್ಟಲಲ್ಲಿ ಹಾಲಿಟ್ಟು, ಉಳಿಯನ್ನು ಹಾಲಿನಲ್ಲಿ ಅದ್ದಿ ಅದ್ದಿ ತೆಗೆಯಬೇಕು. ಹಾಲಿನಲ್ಲಿ ಅದ್ದಿದ್ದು ಮಡಿಗಿಂತ ಮಡಿ. ಮೊದಲು ಗಂಡಿನ ಕಡೆಯ ಹಿರಿಯರು, ಆಮೇಲೆ ಮದುಮಗ, ಕಡೆಗೆ ಮದುಮಗಳು, ಎಲ್ಲರಿಗೂ ಒಂದೇ ಉಳಿ, ಒಂದೇ ಬಟ್ಟಲು. ಒಂದೇ ಕಬ್ಬಿಣ ಮುಟ್ಟಿದರೆ ಎರಡು ಮನೆ ಒಂದಾಗುತ್ತವೆ ಎಂದು ಹೇಳುತ್ತಿದ್ದರು.

ಮಾವ ಬಂದು ಕೂತು ಕಾಲು ಚಾಚಿದರು. ಹೆಬ್ಬೆರಳಿಗೆ ಅರಿವೆ ಸುತ್ತಿತ್ತು. ಬಿಚ್ಚಿದರೆ ಬೆರಳು ಬದನೆಕಾಯಿಯ ಹಾಗೆ ಬಾತಿತ್ತು, ಉಗುರಿನ ಬುಡ ಬೆಳ್ಳಗಾಗಿತ್ತು. ಕ್ಷೌರದ ಅಜ್ಜ ಕಾಲು ಹಿಡಿದವನು ಕೈ ತಡೆದ.

"ಸಾವ್ಕಾರ್ರ, ಬೆರಳು ಭಾಳ ಬಾತೈತ್ರಿ. ಇದೊಂದು ಬಿಡೂಣ್ರಿ."

"ಮುಳ್ಳು ಚುಚ್ಚೈತಿ, ಅದಕ್ಯಾಕ ಇಷ್ಟು ಹೆದರ್ತಿ? ಶಾಸ್ತ್ರ ಅರ್ಧಕ್ಕ ಬಿಡಾಕ ಬರ್ತೈತೇನು? ತಗಿ."

ಅಜ್ಜ ಉಳಿ ಆಡಿಸಿದ. ಬುಡ ಒಡೆಯಿತು. ಮಾವ ಕಣ್ಣು ಮುಚ್ಚಿ, "ಹಾ, ಈಗ ಹಗೂರಾತು ನೋಡು" ಎಂದರು. ಅಜ್ಜ ಉಳಿಯನ್ನು ಬಟ್ಟಲಲ್ಲಿ ಅದ್ದಿದ. ಬಿಳಿ ಹಾಲಿನ ಮೇಲೆ ಹಳದಿಯ ಒಂದು ಎಳೆ ಬಿಡಿಸಿಕೊಂಡು ತೇಲಿತು. ನಾನು ಎದುರಿಗೇ ಕೂತಿದ್ದೆ, ನೋಡಿದೆ. ಅಜ್ಜನೂ ನೋಡಿದ. ಅವನು ತಲೆಯೆತ್ತಿ ಅವ್ವನ ಕಡೆ ತಿರುಗಿದ. ಹಿಂದೆ ನಿಂತ ಒಬ್ಬ ಹೆಣ್ಣುಮಗಳು, "ಅಯ್ಯ, ಹಾಲಿನ್ಯಾಗ ಏನದು?" ಎಂದು ಕೇಳಿಯೂ ಬಿಟ್ಟಳು.

ಮಾವನ ಹುಬ್ಬು ಗಂಟಾಯಿತು. ಆಗ ಅವ್ವ ನಕ್ಕಳು. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ.

"ಅರಿಶಿಣ ಐತಿ ತಗೋರಿ. ಮದುವಿ ಮನ್ಯಾಗ ಅರಿಶಿಣ ಬಿಟ್ಟು ಮತ್ತೇನಿರ್ತೈತಿ?"

ಎಲ್ಲರೂ ನಕ್ಕರು. ನಿಜವೇ, ನಮ್ಮ ಕೈ, ಕಾಲು, ಸೀರೆ, ಗೋಡೆ ಎಲ್ಲವೂ ಅರಿಶಿಣ. ಆ ಹಳದಿಯಲ್ಲಿ ಇನ್ನೊಂದು ಹಳದಿ ಯಾರ ಕಣ್ಣಿಗೂ ಬೇರೆಯಾಗಿ ಕಾಣಬೇಕಿರಲಿಲ್ಲ. ಅಜ್ಜ ಉಳಿಯನ್ನು ಧೋತರಕ್ಕೆ ಒರೆಸಿ, ಮತ್ತೆ ಅದೇ ಹಾಲಿನಲ್ಲಿ ಅದ್ದಿ, ಮದುಮಗನ ಉಗುರಿಗೆ ಶಾಸ್ತ್ರಕ್ಕೆ ಮುಟ್ಟಿಸಿ ಬಿಟ್ಟ. ಆಮೇಲೆ ನನ್ನ ಕಡೆ ಬಂದ.

ನಾನು ಬೆರಳು ಮಡಚಿಕೊಂಡೆ. ಅವ್ವನ ಮುಖ ನೋಡಿದೆ. ಅವ್ವ ನನ್ನ ಕೈಯನ್ನು ನೋಡುತ್ತಿದ್ದಳು, ಮುಖ ನೋಡಲಿಲ್ಲ.

"ಕೈ ಬಿಡಬೇ ತಂಗೀ, ನೋಯಿಸೂದಿಲ್ಲ," ಎಂದ ಅಜ್ಜ.

ಮುಹೂರ್ತಕ್ಕೆ ಹೊತ್ತಾಯಿತೆಂದು ಯಾರೋ ಕೂಗಿದರು. ಹಿಂದಿನಿಂದ ಒಬ್ಬಳು ನನ್ನ ಮುಷ್ಟಿ ಬಿಡಿಸಿದಳು. ಉಳಿ ಉಗುರಿಗೆ ಹತ್ತಿದ್ದೇ ತಡ ನಾನು ಕೈ ಎಳೆದುಕೊಂಡೆ, ಉಗುರಿನ ಪಕ್ಕ ಚರ್ಮ ಸೀಳಿ ರಕ್ತದ ಹನಿ ಬಂತು. ಮದುಮಗಳ ಕೈಯಲ್ಲಿ ಕೆಂಪು ಕಂಡರೆ ಛಲೋ ಎಂದರು ಮುತ್ತೈದೆಯರು. ಅವ್ವ ಓಡಿಬಂದು ಗಾಯಕ್ಕೆ ಅರಿಶಿಣ ಒತ್ತಿದಳು. ಅದು ಮಾತ್ರ ಖರೆ ಅರಿಶಿಣ.

ನವಲಿಗೆ ಹೋದ ಮೇಲೆ ಬೆರಳು ಸಿಡಿಯತೊಡಗಿತು. ಕೈತುಂಬ ಮದರಂಗಿ, ಅರಿಶಿಣ. ಒಳಗಿನ ಕೆಂಪು ಯಾರಿಗೆ ಕಾಣಬೇಕು? ಹೊಸ ಸೊಸೆ, ನೋಯುತ್ತದೆ ಎಂದು ಯಾರಿಗೆ ಹೇಳಲಿ? ಒಲೆಯ ಮುಂದೆ ಕೂಡ್ರಿಸಿ ರೊಟ್ಟಿ ಬಡಿ ಎಂದರು. ತೋರುಬೆರಳು ಮೇಲೆತ್ತಿಕೊಂಡು ಬಡಿದೆ. ಅತ್ತೆ ನೋಡಿ, "ಏನಬೇ ಹುಡುಗಿ, ಬೆರಳು ಎತ್ತಿ ರೊಟ್ಟಿಗೆ ಬೈತಿಯೇನು?" ಎಂದು ನಗೆಯಾಡಿದರು. ನಾನು ಅತ್ತುಬಿಟ್ಟೆ. ಅವರು ಕೈ ಹಿಡಿದು ನೀರಿನಲ್ಲಿ ತೊಳೆದು ನೋಡಿ, "ಯವ್ವಾ, ಉಗುರುಸುತ್ತು!" ಎಂದು ಹಿಟ್ಟಿನ ತಟ್ಟೆ ಸರಿಸಿ ಎದ್ದರು.

ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಟೋಪಿಯ ಹಾಗೆ ತೊಡಿಸಿದರು. ಅದು ಎಲ್ಲರ ಮನೆಯ ಮದ್ದು. ಇಳಿಯಲಿಲ್ಲ. ಉಳ್ಳಾಗಡ್ಡಿ ಸುಟ್ಟು, ಬೆಲ್ಲ ಕೂಡಿಸಿ ಕಟ್ಟಿದರು. ಅದೂ ಆಗಲಿಲ್ಲ. ದೃಷ್ಟಿ ತೆಗೆದರು, ಮೆಣಸಿನಕಾಯಿ ಸುಟ್ಟರು. ಬಾವು ಬೆರಳಿನಿಂದ ಅಂಗೈಗೆ, ಅಂಗೈಯಿಂದ ಮುಂಗೈಗೆ ಏರಿತು. ಮೈ ಕಾದು ಕೆಂಡವಾಯಿತು. ಮಾವ ಪಡಸಾಲೆಯಲ್ಲಿ ಕೂತು ತೀರ್ಪು ಕೊಟ್ಟರು: "ಆ ತಾವರಗೇರಿ ಕ್ಷೌರದಾಂವನ ಕೈಗುಣ ಕೆಟ್ಟೈತಿ. ಅಂಥಾವನ್ನ ಮದುವಿ ಮಣಿ ಹತ್ರ ಬಿಡಬಾರದು." ಆ ಮಾತು ಗಾಡಿಯವರ ಬಾಯಲ್ಲಿ ನನ್ನ ತವರಿಗೂ ಮುಟ್ಟಿತು. ಅವರ ಹೆಬ್ಬೆರಳೋ, ಕೀವು ಹೋಗಿ ಮಾಗಿ ನೆಟ್ಟಗಾಗಿತ್ತು. ಚಪ್ಪಲಿ ಮೆಟ್ಟಿ ಚರಚರ ಎಂದು ಓಡಾಡುತ್ತಿದ್ದರು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಆ ಚಪ್ಪಲಿಯ ಸಪ್ಪಳದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಷ್ಟರಲ್ಲಿ ನನ್ನನ್ನು ಮರಳಿ ತವರಿಗೆ ಕರೆದೊಯ್ಯಲು ಅವ್ವ ಬಂದಳು. ಹೋಳಿಗೆಯ ಬುಟ್ಟಿ ಇಳಿಸಿ, ನನ್ನ ಕೈ ನೋಡಿ, ಹೊಸ್ತಿಲಲ್ಲೇ ಕೂತುಬಿಟ್ಟಳು. ಅತ್ತೆ ಯಾರನ್ನೂ ಕೇಳಲಿಲ್ಲ. "ಗಂಗಾವತಿ ದವಾಖಾನಿಗೆ ಗಾಡಿ ಹೂಡ್ರಿ. ಹುಡುಗಿ ಕೈ ಹೋಗಾಕತ್ತೈತಿ, ಇನ್ನ ಏನು ನೋಡ್ಕೋಂತ ಕುಂದ್ರೂದು?" ಎಂದರು. ಬೆಳಕು ಹರಿಯುವಾಗ ಹೊರಟೆವು. ದಾರಿಯುದ್ದಕ್ಕೂ ಅವ್ವನ ತೊಡೆಯ ಮೇಲೆ ನನ್ನ ತಲೆ. ಗಾಲಿ ಕಲ್ಲಿಗೆ ಎತ್ತಿ ಹಾಕಿದಾಗಲೆಲ್ಲ ಭುಜದವರೆಗೆ ನೋವು ಹರಿಯುತ್ತಿತ್ತು. ಅತ್ತೆಗೆ ಜೋಂಪು ಹತ್ತಿದ್ದನ್ನು ನೋಡಿ ನಾನು ಮೆಲ್ಲಗೆ ಕೇಳಿದೆ.

"ಅವ್ವಾ, ಅದು ಅರಿಶಿಣ ಅಲ್ಲ ಹೌದಿಲ್ಲೊ?"

"ಸುಮ್ನ ಮಲಕೋ. ಬಾಯಿ ಒಣಗತೈತಿ," ಎಂದಳು ಅವ್ವ.

ದವಾಖಾನೆಯ ಡಾಕ್ಟರ ಸಾಹೇಬರು ಹೈದರಾಬಾದಿನ ಕಡೆಯವರು. ಅರ್ಧ ಉರ್ದು, ಅರ್ಧ ಕನ್ನಡ. ಕೈ ನೋಡಿ, "ಯಾವ ಔಜಾರ ಹತ್ತಿದ್ದು ಇದಕ್ಕ?" ಎಂದು ಕೇಳಿದರು. ಮದುವೆಯ ಶಾಸ್ತ್ರ, ಉಗುರು ತೆಗೆಯುವ ಉಳಿ, ಎಲ್ಲವನ್ನೂ ಅತ್ತೆ ಹೇಳಿದರು. ಮೂಲೆಯಲ್ಲಿ ಪಂಪಿನ ಒಲೆಯ ಮೇಲೆ ಒಂದು ಪಾತ್ರೆ ಕುದಿಯುತ್ತಿತ್ತು, ಅದರೊಳಗೆ ಕತ್ತರಿ, ಚೂರಿ ಟಣಟಣ ಎನ್ನುತ್ತಿದ್ದವು.

"ಆ ಔಜಾರ ಹಿಂಗ ಕುದಿಸಿದ್ರ್ಯಾ?"

"ಇಲ್ರಿ. ಹಾಲಿನ್ಯಾಗ ಅದ್ದಿದ್ರಿ," ಎಂದರು ಅತ್ತೆ, ಮಡಿಯಲ್ಲಿ ನಾವೇನು ಕಡಿಮೆ ಎಂಬ ದನಿಯಲ್ಲಿ.

ಡಾಕ್ಟರರು ಬೈಯಲಿಲ್ಲ. "ಕೀವಿಗೆ ಹಾಲು ಕುಡಿಸಿ ಬೆಳಸೀರಿ ತಾಯಿ," ಎಂದರು. "ಇವತ್ತ ಬೆರಳಿನ ತುದಿ ತೆಗದ್ರ ಕೈ ಉಳಿತೈತಿ. ನಾಳಿ ಬಂದಿದ್ರ ನಂಗ ಏನೂ ಹೇಳಾಕ ಆಗ್ತಿದ್ದಿಲ್ಲ." ಅವ್ವ ಕಂಬ ಹಿಡಿದು ನಿಂತಿದ್ದಳು. ಆ ಕುದಿಯುವ ಪಾತ್ರೆಯ ಮೇಲಿಂದ ಅವಳ ಕಣ್ಣು ಕದಲಲಿಲ್ಲ. ನನ್ನ ಮೂಗಿಗೆ ಅರಿವೆ ಹಿಡಿದರು, ಒಂದು ಬಗೆಯ ಸಿಹಿ ವಾಸನೆ ಬಂತು. ಎಚ್ಚರವಾದಾಗ ಕೈಗೆ ಬಿಳಿ ಪಟ್ಟಿ ಇತ್ತು. ಇಲ್ಲದ ಬೆರಳು ಇದ್ದ ಬೆರಳಿಗಿಂತ ಹೆಚ್ಚು ನೋಯುತ್ತಿತ್ತು.

ಮಾವ ನನ್ನನ್ನು ಇಟ್ಟುಕೊಳ್ಳಲಿಕ್ಕೆ ಒಲ್ಲೆ ಎಂದರು. ನೇರವಾಗಿ ಅಲ್ಲ. "ಕೈ ಮಾಗೂ ತನಕ ತವರಿನ್ಯಾಗ ಇರಲಿ" ಎಂದರು. ಮೋಟು ಬೆರಳಿನ ಸೊಸೆಯನ್ನು ಹೀಗೆ ಕಳಿಸಿದರೆ ಮತ್ತೆ ಕರೆಯುವವರು ಯಾರು ಎಂಬುದು ಎಲ್ಲರಿಗೂ ತಿಳಿದದ್ದೇ. ಅತ್ತೆ ಒಲೆಯ ಮುಂದಿನಿಂದಲೇ ಕೂಗಿ ಹೇಳಿದರು: "ರೊಟ್ಟಿ ಬಡಿಯಾಕ ಅಂಗೈ ಬೇಕ್ರಿ, ಬೆರಳ ತುದಿ ಅಲ್ಲ. ಆಕಿ ಎಲ್ಲೂ ಹೋಗೂದಿಲ್ಲ." ಆ ಒಂದು ಮಾತಿನ ಮೇಲೆ ನಾನು ಆ ಮನೆಯಲ್ಲಿ ಬಾಳ್ವೆ ಮಾಡಿದೆ. ಅವರ ಋಣ ನನ್ನ ಮೇಲೆ ದೊಡ್ಡದು.

ಆದರೆ ಅವ್ವ ಬಾಯಿ ಬಿಡಲಿಲ್ಲ. ತಾವರಗೇರಾದಲ್ಲಿ ಕ್ಷೌರದ ಅಜ್ಜನನ್ನು ಯಾರೂ ಮದುವೆಗೆ ಕರೆಯದಾದರು. ಸುಗ್ಗಿಯಲ್ಲಿ ಅವನಿಗೆ ಸಲ್ಲುತ್ತಿದ್ದ ಕಾಳು ಒಂದೊಂದೇ ಮನೆಯಲ್ಲಿ ನಿಂತಿತು. ನಾನು ತವರಿಗೆ ಹೋದಾಗೊಮ್ಮೆ ಕಟ್ಟೆಯ ಹತ್ತಿರ ಸಿಕ್ಕ. ನನ್ನ ಕೈ ನೋಡಿ ಕಣ್ಣೀರು ತಂದ.

"ನನ್ನ ಕೈ ಜಾರಿತಬೇ ತಂಗೀ. ವಯಸ್ಸಾತು, ಕೈ ನಡಗ್ತಾವ. ನನ್ನಿಂದ ನಿನ್ನ ಬೆರಳು ಹೋತು," ಎಂದ.

ಪಾಪ, ಊರಿನವರು ಹೇಳಿದ್ದನ್ನು ಅವನೇ ನಂಬಿಬಿಟ್ಟಿದ್ದ. ಬಾಗಿಲ ಹಿಂದೆ ಅವ್ವನ ಬಳೆಯ ಸದ್ದು ಕೇಳಿತು. ಬಂದು ಒಂದು ಮಾತು ಹೇಳುತ್ತಾಳೆ ಎಂದು ನಾನು ಕಾದೆ. ಬಳೆಯ ಸದ್ದು ಒಳಗೆ ಹೋಯಿತು. ಅವತ್ತು ನಾನು ಊಟ ಮಾಡದೆ ನವಲಿಗೆ ಹೊರಟುಬಂದೆ. ಅವ್ವ ಬಂದರೆ ಮಾತಾಡುತ್ತಿದ್ದೆ, ಉಪಚಾರ ಮಾಡುತ್ತಿದ್ದೆ. ಮನಸ್ಸು ಮಾತ್ರ ಅವಳಿಂದ ದೂರ ಕೂತಿತ್ತು.

ಕೆಲವು ವರ್ಷ ಕಳೆದು, ನಿಜಾಮನ ಆಳಿಕೆಯ ಕಡೆಯ ದಿನಗಳಲ್ಲಿ, ನನ್ನ ತಂಗಿಗೆ ಯಲಬುರ್ಗಾದ ಸಂಬಂಧ ಗೊತ್ತಾಯಿತು. ಮದುವೆಗೆ ಹೋದಾಗ ಚಪ್ಪರದ ಕಂಬಕ್ಕೆ ಒರಗಿ ಕೂತವನನ್ನು ನೋಡಿ ನನಗೆ ನಂಬಲಾಗಲಿಲ್ಲ. ಅದೇ ಕ್ಷೌರದ ಅಜ್ಜ. ಅವ್ವ ತಾನೇ ಹೋಗಿ ಕರೆತಂದಿದ್ದಳಂತೆ. ಊರಿನವರು ಗುಸುಗುಸು ಎನ್ನುತ್ತಿದ್ದರು. ಅಜ್ಜ ತಲೆ ತಗ್ಗಿಸಿಕೊಂಡು ತನ್ನ ಚೀಲದ ದಾರವನ್ನು ಬಿಚ್ಚುತ್ತಿದ್ದ, ಕಟ್ಟುತ್ತಿದ್ದ.

ಮಣೆ ಹಾಕಿದರು. ಬಟ್ಟಲಲ್ಲಿ ಹಾಲು ಬಂತು. ಗಂಡಿನ ಹಿರಿಯರು ಬಂದು ಕೂತು ಕಾಲು ಚಾಚಿದರು. ತಂಗಿ ಎದುರಿಗೆ ಕೂತಿದ್ದಳು, ಕೈತುಂಬ ಅರಿಶಿಣ. ಏಳಬೇಕು ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಅವ್ವ ಬಂದಳು. ಸೆರಗಿನಲ್ಲಿ ಹಿಡಿದ ತಪ್ಪೇಲಿಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಮಣೆಯ ಮುಂದೆ ಇಟ್ಟಳು. ಹಾಲಿನ ಬಟ್ಟಲೆತ್ತಿ ತುಳಸಿಗೆ ಸುರಿದು ಬಂದಳು.

"ಉಳಿ ಇದರಾಗ ಹಾಕು ಅಜ್ಜಾ. ಒಬ್ರದು ಆದ ಮ್ಯಾಲೆ ಮತ್ತೊಮ್ಮೆ ಹಾಕು."

ಯಲಬುರ್ಗಾದ ಬೀಗರು ಕಾಲು ಹಿಂದಕ್ಕೆ ಎಳೆದುಕೊಂಡರು. "ಇದೇನ್ರೀ ಬೀಗ್ತೇರ? ಶುಭದ ಮಣಿ ಮುಂದ ಕುದಿಯೂ ನೀರ? ಹೆಣಕ್ಕ ನೀರು ಕಾಸಿದಂಗ?"

ಅಪ್ಪ ಅವ್ವನ ಸೆರಗು ಜಗ್ಗಿದ. ಗಂಡಿನ ಕಡೆಯ ಒಬ್ಬರು ಆಗಲೇ ಪೇಟ ಸರಿಮಾಡಿಕೊಂಡು ಎದ್ದಿದ್ದರು. ಹಿಂದಿನ ಸಲದ ಗಾಡಿ ನನ್ನ ಕಣ್ಣಿಗೆ ಕಟ್ಟಿತು. ಅವ್ವನಿಗೂ ಕಟ್ಟಿರಬೇಕು. ಅವಳು ನನ್ನ ಕಡೆ ಬಂದು, ನನ್ನ ಬಲಗೈ ಹಿಡಿದು, ಎಲ್ಲರ ಮುಂದೆ ಮೇಲೆತ್ತಿದಳು.

"ಈಕಿ ನನ್ನ ಹಿರೇ ಮಗಳ್ರಿ. ಇದ ಮಣಿ ಮ್ಯಾಲೆ ಈಕಿ ಬೆರಳು ಹೋತು. ಹಾಲಿನ್ಯಾಗ ಕೀವು ಬಿದ್ದಿತ್ತು, ನಾ ಕಣ್ಣಾರೆ ನೋಡಿದ್ದೆ. ಬೀಗರು ಸಿಟ್ಟಾಗ್ತಾರಂತ ಅರಿಶಿಣ ಅಂದೆ. ಅರಿಶಿಣ ಅಲ್ಲ ಅದು. ಈ ಅಜ್ಜಂದು ಏನೂ ತಪ್ಪಿದ್ದಿಲ್ಲ. ನೀವು ಗಾಡಿ ಹೂಡತೀವಿ ಅಂದ್ರ ಹೂಡ್ರಿ. ಸಣ್ಣಾಕಿ ಬೆರಳು ನಾ ಕೊಡೂದಿಲ್ಲ."

ತಪ್ಪೇಲಿಯ ನೀರಿನ ಹಬೆ ಏಳುತ್ತಲೇ ಇತ್ತು. ಕ್ಷೌರದ ಅಜ್ಜ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೀಗರು ನನ್ನ ಕೈಯನ್ನು ನೋಡಿದರು, ಅವ್ವನನ್ನು ನೋಡಿದರು. ಎದ್ದು ನಿಂತಿದ್ದವರಿಗೆ ಕೂಡ್ರೆಂದು ಕೈಸನ್ನೆ ಮಾಡಿ, "ನೀರು ಆರ್ತಾವ. ಹಾಕು ಉಳಿ," ಎಂದರು. "ಮೊದಲ ಹುಡುಗೀದ ತಗಿ. ನಮ್ಮದು ಆಮ್ಯಾಲೆ."

ನನಗೆ ಸಂತೋಷವಾಗಬೇಕಿತ್ತು. ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಬೆನ್ನಿಗೇ ಹೊಟ್ಟೆಕಿಚ್ಚು ಎದ್ದುಬಂತು. ನನ್ನ ಬೆರಳಿಗೆ ಬಾರದ ಮಾತು ತಂಗಿಯ ಬೆರಳಿಗೆ ಬಂತಲ್ಲ. ಅಕ್ಷತೆ ಬೀಳುವಾಗ ಎಲ್ಲರೂ ತಂಗಿಗಾಗಿ ಅಳುತ್ತಿದ್ದರು. ನಾನು ಅತ್ತದ್ದು ನನಗಾಗಿ.

ಊಟ ಮುಗಿದು ಹೊತ್ತು ಇಳಿದಾಗ ಅವ್ವ ಮುತ್ತೈದೆಯರಿಗೆಲ್ಲ ಅರಿಶಿಣ ಹಚ್ಚುತ್ತ ಬಂದಳು. ನನ್ನ ಮುಂದೆ ಕೂತಳು. ಅಷ್ಟು ವರ್ಷಗಳಲ್ಲಿ ಅವಳು ಆ ಬೆರಳನ್ನು ಬೇಕೆಂದೇ ಬಿಟ್ಟು ಉಳಿದ ಕೈಗೆ ಹಚ್ಚುತ್ತಿದ್ದಳು. ಅವತ್ತು ಮೋಟು ಗೆಣ್ಣನ್ನೇ ಹಿಡಿದುಕೊಂಡಳು. ಬಟ್ಟಲಲ್ಲಿ ಅದ್ದಿದ ಅವಳ ಬೆರಳು ಹತ್ತಿರ ಬಂತು. ನಾನು ಕೈ ಎಳೆದುಕೊಂಡೆ.

"ಅರಿಶಿಣ ಬ್ಯಾಡವ್ವ," ಎಂದೆ.

ಅವ್ವ ಎದ್ದು ಹೋಗಿ ಒಲೆಯ ಮೇಲಿನ ಬಿಸಿನೀರು ತಂದಳು. ಕೈಗೆ ತಾಳುವಷ್ಟು ಆರಿಸಿ, ನನ್ನ ಬೆರಳಿನ ಮೇಲೆ ಸುರಿದು, ತನ್ನ ಸೆರಗಿನಿಂದ ಉಜ್ಜಿ ಉಜ್ಜಿ ತೊಳೆದಳು. ಅಲ್ಲಿ ತೊಳೆಯಲಿಕ್ಕೆ ಏನೂ ಉಳಿದಿರಲಿಲ್ಲ. ಅವಳು ತೊಳೆಯುತ್ತಲೇ ಇದ್ದಳು, ನಾನು ಕೈ ಕೊಟ್ಟು ಕೂತಿದ್ದೆ.